ಬಣ್ಣ ಬಳಿಯುವ ಮೊದಲೇ ಬರೆಸಿಕೊಳ್ಳಿ

ಬಾಡಿ ಶಾಪಿನ ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಕಾರನ್ನು ಮನೆಗೆ ತಂದು ಮರುದಿನ ಬಿಸಿಲಿನಲ್ಲಿ ನೋಡಿದರೆ ರಿಪೇರಿಯಾದ ಬಾಗಿಲು ಒಂದು ಬಣ್ಣ, ಪಕ್ಕದ ಫೆಂಡರ್ ಇನ್ನೊಂದು ಬಣ್ಣ. ವಾಪಸ್ ಹೋಗಿ ಕೇಳಿದರೆ ಸರ್ವಿಸ್ ಅಡ್ವೈಸರ್ ಸಮಾಧಾನ ಹೇಳುತ್ತಾರೆ: ‘ಹೊಸ ಪೇಂಟ್ ಅಲ್ವಾ ಸರ್, ಹಾಗೇ ಕಾಣುತ್ತೆ. ಎರಡು ತಿಂಗಳು ಓಡಿಸಿ, ಸೆಟ್ ಆಗುತ್ತೆ.’ ಹೊಂದದ ಬಣ್ಣ ಎರಡು ತಿಂಗಳಲ್ಲ, ಎರಡು ವರ್ಷ ಕಳೆದರೂ ಹೊಂದುವುದಿಲ್ಲ. ವಿಮಾ ಕಂಪನಿಗೆ ಫೋನ್ ಮಾಡಿದರೆ, ಒಪ್ಪಿದ ಕೆಲಸ ಆಗಿದೆ, ಬಿಲ್ ಪಾವತಿಯಾಗಿದೆ, ತೃಪ್ತಿಪತ್ರಕ್ಕೆ ನಿಮ್ಮದೇ ಸಹಿ ಇದೆ ಎಂಬ ಉತ್ತರ ಬರುತ್ತದೆ.

ವಾಹನ ವಿಮೆ ನಷ್ಟ ತುಂಬಿಕೊಡುವ ಕರಾರು. ಅಪಘಾತಕ್ಕೆ ಮುಂಚೆ ಕಾರು ಹೇಗಿತ್ತೋ ಸಾಧ್ಯವಾದಷ್ಟೂ ಹಾಗೆ ಮಾಡಿಕೊಡುವುದು ಅದರ ತಿರುಳು. ಒಂದೇ ಬಣ್ಣದಲ್ಲಿದ್ದ ಕಾರು ಎರಡು ಬಣ್ಣದಲ್ಲಿ ವಾಪಸ್ ಬಂದರೆ ರಿಪೇರಿ ಮುಗಿದಿಲ್ಲ ಎಂದೇ ಅರ್ಥ. ಬಣ್ಣ ಹೊಂದಿಸುವುದು ಗ್ಯಾರೇಜಿನವರು ದೊಡ್ಡ ಮನಸ್ಸು ಮಾಡಿ ಕೊಡುವ ಉಡುಗೊರೆಯಲ್ಲ, ರಿಪೇರಿಯದೇ ಭಾಗ. ಆದರೆ ಇದನ್ನು ಕೇಳಬೇಕಾದ ದಿನ ಕಾರು ಕೈಗೆ ಬರುವ ದಿನವಲ್ಲ. ಎಸ್ಟಿಮೇಟ್ ಬರೆಯುವ ದಿನ, ವಿಮಾ ಕಂಪನಿಯ ಸರ್ವೇಯರ್ ಬಂದು ನೋಡುವ ದಿನ ಕೇಳಬೇಕು. ಏನು ಕೇಳಬೇಕು ಎಂದು ತಿಳಿಯಲು ಕಾರಿನ ಬಣ್ಣ ಹೇಗೆ ಕೂರುತ್ತದೆ, ಅದರ ಬಿಲ್ ಎಲ್ಲಿ ಕತ್ತರಿಯಾಗುತ್ತದೆ ಎಂಬ ಎರಡೂ ಗೊತ್ತಿರಬೇಕು.

ಕಾರ್ಖಾನೆಯ ಬಣ್ಣ, ಗ್ಯಾರೇಜಿನ ಬಣ್ಣ

ಬಿಡದಿಯ ಕಾರ್ಖಾನೆಯಾಗಲಿ ಚೆನ್ನೈನದಾಗಲಿ, ಕಾರಿಗೆ ಬಣ್ಣ ಹತ್ತುವಾಗ ಅದರಲ್ಲಿ ಸೀಟಿಲ್ಲ, ವೈರಿಲ್ಲ, ಗಾಜಿಲ್ಲ. ಬರೀ ತಗಡಿನ ಮೈ. ಅದನ್ನು ತೊಳೆದು, ಫಾಸ್ಫೇಟ್ ಲೇಪ ಕೊಟ್ಟು, ಪ್ರೈಮರ್ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ಸಂದಿಗೊಂದಿಗೂ ತುಕ್ಕು ತಡೆಯುವ ಪದರ ಕಚ್ಚಿಕೊಳ್ಳುವುದು ಹೀಗೆ. ಸಾಮಾನ್ಯವಾಗಿ ಅದರ ಮೇಲೆ ಇನ್ನೊಂದು ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ 100 ಮೈಕ್ರಾನ್ ಆಸುಪಾಸು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರಲ್ಲೂ ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುವ ಬೇಸ್ ಕೋಟಿನ ಪಾಲು 15-20 ಮೈಕ್ರಾನ್ ಮಾತ್ರ. ಮೇಲಿನ ಪದರಗಳು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಗಟ್ಟಿಯಾಗುತ್ತವೆ.

ಓಡಾಡುವ ಕಾರನ್ನು ಆ ಶಾಖಕ್ಕೆ ಒಡ್ಡಿದರೆ ವೈರಿಂಗ್, ಪ್ಲಾಸ್ಟಿಕ್, ರಬ್ಬರ್ ಎಲ್ಲವೂ ಹಾಳಾಗುತ್ತವೆ. ಅದಕ್ಕೇ ಬಾಡಿ ಶಾಪುಗಳಲ್ಲಿ ಹಾರ್ಡನರ್ ಬೆರೆಸುವ ಬೇರೆ ಜಾತಿಯ ಪೇಂಟ್ ಬಳಸಿ, ಬೂತಿನೊಳಗೆ 60 ಡಿಗ್ರಿಯಲ್ಲಿ ಅರ್ಧ ಗಂಟೆಯಷ್ಟು ಕಾಯಿಸುತ್ತಾರೆ. ಇದನ್ನು ಅವರು ಪಿಯು ಪೇಂಟ್ ಅಥವಾ 2ಕೆ ಪೇಂಟ್ ಅನ್ನುತ್ತಾರೆ. ರಸ್ತೆ ಬದಿಯ ಶೆಡ್ಡುಗಳಲ್ಲಿ ಇನ್ನೂ ಚಾಲ್ತಿಯಲ್ಲಿರುವುದು ಎನ್‌ಸಿ ಪೇಂಟ್. ತಿನ್ನರ್ ಹಾರಿಹೋದ ಮೇಲೆ ಉಳಿಯುವ ಪದರ ಅದು. ಅಗ್ಗ, ಬೇಗ ಒಣಗುತ್ತದೆ, ಬೇಗ ಮಂಕಾಗುತ್ತದೆ. ಮಳೆಗಾಲದ ಥಂಡಿ ಗಾಳಿಯಲ್ಲಿ ಹೊಡೆದರೆ ಬೂದು ಬೂದಾಗಿ ಏಳುವುದೂ ಉಂಟು. ಯಾವ ಗ್ಯಾರೇಜಿಗೇ ಹೋಗಿ, ಮೊದಲ ಪ್ರಶ್ನೆ ಇದೇ ಆಗಿರಲಿ: ಪೇಂಟ್ ಪಿಯು ತಾನೇ, ಹೊಡೆಯುವುದು ಬೂತಿನಲ್ಲಿ ತಾನೇ?

ಬಣ್ಣ ಹೊಂದದಿರಲು ಮುಖ್ಯ ಕಾರಣ ಮೆಟಾಲಿಕ್ ಪೇಂಟಿನ ಗುಣ. ಅದರಲ್ಲಿ ಅಲ್ಯೂಮಿನಿಯಂನ ಸೂಕ್ಷ್ಮ ಚಕ್ಕೆಗಳಿರುತ್ತವೆ. ರೇಷ್ಮೆ ಸೀರೆಯ ಜರಿಯನ್ನು ಬೆಳಕಿನಲ್ಲಿ ಹೊರಳಿಸಿದಾಗ ಒಮ್ಮೆ ಮಿರುಗಿ ಒಮ್ಮೆ ಕಪ್ಪಾಗುವ ಹಾಗೆ, ಈ ಚಕ್ಕೆಗಳು ಯಾವ ಕಡೆ ಮುಖ ಮಾಡಿ ಮಲಗಿವೆ ಎಂಬುದರ ಮೇಲೆ ಬಣ್ಣ ನಿಲ್ಲುತ್ತದೆ. ಪೇಂಟರ್ ಗನ್ನನ್ನು ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಚಕ್ಕೆಗಳು ಒಳಗಿಳಿದು ಬಣ್ಣ ಗಾಢವಾಗುತ್ತದೆ. ದೂರದಿಂದ ಒಣಗೊಣಗಾಗಿ ಹೊಡೆದರೆ ಅವು ಮೇಲೇ ನಿಂತು ತಿಳಿಯಾಗುತ್ತದೆ. ಕಾರ್ಖಾನೆಯಲ್ಲಿ ರೋಬೋಟ್ ಒಂದೇ ಲಯದಲ್ಲಿ ಹೊಡೆದದ್ದನ್ನು ಇಲ್ಲಿ ಮನುಷ್ಯನ ಕೈ ಹಿಂಬಾಲಿಸಬೇಕು. ಹಾಗಾಗಿ ಸಾದಾ ಬಿಳಿ ಸುಲಭ, ಸಿಲ್ವರ್ ಕಷ್ಟ. ಪರ್ಲ್ ವೈಟ್‌ನಲ್ಲಿ ಬಿಳಿಯ ಮೇಲೆ ಮುತ್ತಿನ ಹೊಳಪಿನ ಇನ್ನೊಂದು ಪದರವಿರುವುದರಿಂದ ಅದು ಇನ್ನೂ ನಾಜೂಕು; ಆ ಪದರ ಒಂದು ಸುತ್ತು ಹೆಚ್ಚಾದರೂ ಬಣ್ಣ ತಿರುಗುತ್ತದೆ. ಇದರ ಜೊತೆಗೆ ಹಳೆಯ ಪ್ಯಾನೆಲ್ಲುಗಳು ವರ್ಷಗಟ್ಟಲೆ ಬಿಸಿಲು ಕುಡಿದಿರುತ್ತವೆ. ಹೊಸದನ್ನು ಹೊಂದಿಸಬೇಕಾದ್ದು ಕಂಪನಿಯ ಕೆಟಲಾಗಿಗಲ್ಲ, ಈ ಬಿಸಿಲುಂಡ ಬಣ್ಣಕ್ಕೆ.

ಕೋಡ್ ಒಂದೇ, ಛಾಯೆ ಹಲವು

ಪ್ರತಿ ಕಾರಿಗೂ ಬಣ್ಣದ ಕೋಡ್ ಇರುತ್ತದೆ. ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲೋ ಬಾನೆಟ್ಟಿನ ಕೆಳಗಿನ ಫಲಕದಲ್ಲೋ ಅದನ್ನು ಹುಡುಕಬಹುದು. ಮಾರುತಿಯ ಸುಪೀರಿಯರ್ ವೈಟ್‌ಗೆ 26ಯು ಇದ್ದ ಹಾಗೆ. ಕೋಡ್ ಹೇಳಿದರೆ ಬಣ್ಣ ಸಿಕ್ಕಿತು ಎಂದುಕೊಳ್ಳುವುದು ಸಹಜ. ಆದರೆ ಅದು ಆರಂಭ ಮಾತ್ರ. ಒಂದೇ ಕೋಡಿನ ಬಣ್ಣ ಬೇರೆ ಬೇರೆ ಕಾರ್ಖಾನೆಯಲ್ಲಿ, ಬೇರೆ ಬೇರೆ ವರ್ಷದಲ್ಲಿ, ಬೇರೆ ಪೂರೈಕೆದಾರರಿಂದ ಬಂದಾಗ ಕೂದಲೆಳೆಯಷ್ಟು ಆಚೀಚೆಯಾಗುತ್ತದೆ. ಆದ್ದರಿಂದ ಪೇಂಟ್ ಕಂಪನಿಗಳು ಒಂದು ಕೋಡಿಗೆ ಹಲವು ವೇರಿಯಂಟ್‌ಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಬೇರೆ ಫಾರ್ಮುಲಾ ಕೊಟ್ಟಿರುತ್ತವೆ.

ಒಳ್ಳೆಯ ಬಾಡಿ ಶಾಪಿನ ಮಿಕ್ಸಿಂಗ್ ಕೋಣೆಯಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ನೋಡಿ. ಗೋಡೆಯುದ್ದಕ್ಕೂ ಟಿಂಟರ್ ಡಬ್ಬಿಗಳು ಕಲಕುವ ಯಂತ್ರದ ಮೇಲೆ ಕೂತಿರುತ್ತವೆ. ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರುವ ತಕ್ಕಡಿಯ ಮೇಲೆ ಕಪ್ ಇಟ್ಟು, ಕಂಪ್ಯೂಟರ್ ಹೇಳಿದಷ್ಟು ಬಿಳಿ, ಕಪ್ಪು, ನೀಲಿ, ಚಕ್ಕೆಗಳನ್ನು ಒಂದೊಂದಾಗಿ ಸುರಿಯುತ್ತಾರೆ. ಕಾರಿನ ಮೇಲೆ ಹೊಡೆಯುವ ಮುನ್ನ ಅಂಗೈಯಗಲದ ಒಂದು ಕಾರ್ಡಿನ ಮೇಲೆ ಹೊಡೆದು, ಕ್ಲಿಯರ್ ಕೊಟ್ಟು ಒಣಗಿಸುತ್ತಾರೆ. ಅನುಭವಿ ಪೇಂಟರ್ ಆ ಕಾರ್ಡನ್ನು ಹಿಡಿದು ಕಾರನ್ನು ಬಿಸಿಲಿಗೆ ತರಿಸುತ್ತಾನೆ. ಪಾಲಿಶ್ ಮಾಡಿ ಒರೆಸಿದ ಪಕ್ಕದ ಪ್ಯಾನೆಲ್ಲಿಗೆ ಕಾರ್ಡನ್ನು ಒತ್ತಿ ಹಿಡಿದು ಮೊದಲು ಎದುರಿನಿಂದ ನೋಡುತ್ತಾನೆ, ಆಮೇಲೆ ಬಂಪರಿನ ಹತ್ತಿರ ಬಗ್ಗಿ ಓರೆಯಿಂದ ನೋಡುತ್ತಾನೆ. ಎದುರಿಗೆ ಹೊಂದಿ ಓರೆಯಲ್ಲಿ ಕಪ್ಪಾದರೆ ವಾಪಸ್ ಕೋಣೆಗೆ, ಎರಡು ಹನಿ ತಿದ್ದುಪಡಿಗೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಹಲವು ಕೋನಗಳಿಂದ ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಕೈಯಂತ್ರವೂ ಇರುತ್ತದೆ. ಯಂತ್ರ ಹತ್ತಿರದ ಫಾರ್ಮುಲಾ ತೋರುತ್ತದೆ. ಹೊಂದಿತೋ ಇಲ್ಲವೋ ಎಂದು ಕೊನೆಗೆ ಹೇಳುವುದು ಆ ಕಾರ್ಡು ಮತ್ತು ಪೇಂಟರನ ಕಣ್ಣು.

ಬಿಸಿಲಿಗೇ ತರುವುದಕ್ಕೆ ಕಾರಣವಿದೆ. ಎರಡು ಬಣ್ಣಗಳಲ್ಲಿ ಬಳಸಿದ ವರ್ಣದ್ರವ್ಯ ಬೇರೆ ಬೇರೆಯಾಗಿದ್ದರೆ, ಅವು ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡು ಸೂರ್ಯನ ಬೆಳಕಿನಲ್ಲಿ ಬೇರೆಯಾಗಬಹುದು. ಬಾಡಿ ಶಾಪಿನೊಳಗೆ ಚೆನ್ನಾಗಿ ಕಂಡದ್ದು ಮನೆಯ ಮುಂದೆ ಕೆಟ್ಟು ಕಾಣುವುದರ ಹಿಂದೆ ಇದೂ ಒಂದು ಕಾರಣ.

ಇಷ್ಟೆಲ್ಲ ಮಾಡಿದ ಮೇಲೂ ಮೆಟಾಲಿಕ್ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಉಳಿಯುವುದು ಸಾಮಾನ್ಯ. ಅದಕ್ಕೆ ಪೇಂಟರುಗಳು ಕಂಡುಕೊಂಡ ಉಪಾಯ ಬ್ಲೆಂಡಿಂಗ್. ಪೆಟ್ಟಾದ ಬಾಗಿಲಿಗೆ ಪೂರ್ತಿ ಬಣ್ಣ ಕೊಟ್ಟು, ಅದನ್ನು ಪಕ್ಕದ ಪ್ಯಾನೆಲ್ಲಿನ ಮೇಲೆ ಸ್ವಲ್ಪ ದೂರ ತೆಳುವಾಗಿಸುತ್ತ ಎಳೆದು ಹಳೆಯ ಬಣ್ಣದಲ್ಲಿ ಕರಗಿಸುತ್ತಾರೆ. ಆಮೇಲೆ ಎರಡೂ ಪ್ಯಾನೆಲ್ಲಿಗೆ ಅಂಚಿನಿಂದ ಅಂಚಿಗೆ ಕ್ಲಿಯರ್ ಕೋಟ್. ವ್ಯತ್ಯಾಸ ಇಲ್ಲವಾಗುವುದಿಲ್ಲ, ಆದರೆ ಅದು ಶುರುವಾಗುವ ಗೆರೆ ಕಣ್ಣಿಗೆ ಸಿಗುವುದಿಲ್ಲ. ಸಿಲ್ವರ್, ಗ್ರೇ, ಪರ್ಲ್ ಬಣ್ಣದ ಕಾರಿನ ಬಾಗಿಲಿಗೆ ಪೇಂಟ್ ಆಗುವುದಾದರೆ ಬ್ಲೆಂಡಿಂಗ್ ಇಲ್ಲದೆ ಒಳ್ಳೆಯ ಫಲಿತಾಂಶ ಸಿಗುವುದು ಅದೃಷ್ಟದ ಮಾತು.

ಸರ್ವೇಯರ್ ಮುಂದೆ ಎತ್ತಬೇಕಾದ ಮಾತು

ತಕರಾರು ಹುಟ್ಟುವುದು ಇಲ್ಲೇ. ಬಾಡಿ ಶಾಪಿನ ಲೆಕ್ಕ ಪ್ಯಾನೆಲ್ಲಿಗಿಷ್ಟು ಎಂದು ನಡೆಯುತ್ತದೆ. ಸರ್ವೇಯರ್ ಬಂದು ಪೆಟ್ಟಾದ ಪ್ಯಾನೆಲ್ ಎಣಿಸಿ ಅಷ್ಟಕ್ಕೇ ಒಪ್ಪಿಗೆ ಕೊಡುತ್ತಾರೆ. ‘ಫೆಂಡರಿಗೆ ಏನೂ ಆಗಿಲ್ಲವಲ್ಲ, ಅದಕ್ಕೇಕೆ ಪೇಂಟ್?’ ಎಂಬ ಅವರ ಪ್ರಶ್ನೆ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಗ್ಯಾರೇಜಿನವರು ವಾದಕ್ಕೆ ಹೋಗುವುದಿಲ್ಲ. ನಾಳೆಯೂ ಅವರಿಗೆ ಅದೇ ಕಂಪನಿಯ ಜೊತೆ ವ್ಯವಹಾರವಿದೆ. ಒಪ್ಪಿದ ಒಂದು ಪ್ಯಾನೆಲ್ಲಿಗೆ ಅಂಚಿನವರೆಗೆ ಬಣ್ಣ ಹೊಡೆದು ನಿಲ್ಲಿಸುತ್ತಾರೆ. ಬಾಗಿಲು ಮತ್ತು ಫೆಂಡರಿನ ನಡುವಿನ ಸಂದಿಯೇ ಎರಡು ಬಣ್ಣಗಳ ಗಡಿಯಾಗುತ್ತದೆ.

ಆದ್ದರಿಂದ ಎಸ್ಟಿಮೇಟ್ ಕೈಗೆ ಬಂದಾಗಲೇ ಅದರಲ್ಲಿ ‘ಪಕ್ಕದ ಪ್ಯಾನೆಲ್ಲಿಗೆ ಬ್ಲೆಂಡಿಂಗ್ ಮತ್ತು ಕ್ಲಿಯರ್ ಕೋಟ್’ ಎಂಬ ಪ್ರತ್ಯೇಕ ಸಾಲು ಬರೆಸಿ. ಬಣ್ಣ ಮೆಟಾಲಿಕ್ ಅಥವಾ ಪರ್ಲ್ ಆಗಿರುವುದರಿಂದ ಇದು ಬೇಕು ಎಂಬ ಕಾರಣವನ್ನೂ ಬಾಡಿ ಶಾಪಿನವರಿಂದಲೇ ಬರೆಸಿ. ಸರ್ವೆಯ ಹೊತ್ತಿಗೆ ಸಾಧ್ಯವಾದರೆ ನೀವೂ ಅಲ್ಲಿರಿ. ಫೆಂಡರಿಗೆ ಹೊಸ ಬಣ್ಣ ಗಿಟ್ಟಿಸಿಕೊಳ್ಳಲು ಕೇಳುತ್ತಿಲ್ಲ, ಬಾಗಿಲಿನ ರಿಪೇರಿ ಪೂರ್ಣವಾಗಲು ಬೇಕಾದ ವಿಧಾನ ಇದು ಎಂದು ವಿನಯದಿಂದ, ಸ್ಪಷ್ಟವಾಗಿ ಹೇಳಿ. ಒಪ್ಪದಿದ್ದರೆ ಕಾರಣವನ್ನು ಇಮೇಲಿನಲ್ಲಿ ಕೊಡುವಂತೆ ಕೇಳಿ, ಸರ್ವೆ ವರದಿಯ ಪ್ರತಿಯನ್ನೂ ಕೇಳಿ. ಪಾಲಿಸಿಯಲ್ಲಿ ಬಣ್ಣ ಹೊಂದಿಸುತ್ತೇವೆ ಎಂಬ ವಾಕ್ಯ ಹುಡುಕಿದರೆ ಸಿಗಲಿಕ್ಕಿಲ್ಲ. ಅದಕ್ಕೇ ಬರೆದಿಟ್ಟ ಈ ಸಾಲುಗಳೇ ಮುಂದೆ ನಿಮ್ಮ ಕೈ ಹಿಡಿಯುತ್ತವೆ. ಈಗೀಗ ಸಣ್ಣ ಕ್ಲೇಮುಗಳಿಗೆ ಹಲವು ಸಲ ಯಾರೂ ಬರುವುದಿಲ್ಲ, ಆ್ಯಪಿನಲ್ಲಿ ಫೋಟೊ ವಿಡಿಯೊ ಕಳಿಸಿದರೆ ಮಂಜೂರಾಗುತ್ತದೆ. ಆಗ ಪೆಟ್ಟಿನ ಫೋಟೊ ಜೊತೆಗೆ ಪಕ್ಕದ ಪ್ಯಾನೆಲ್ಲುಗಳ ಫೋಟೊವನ್ನೂ ಹಗಲು ಬೆಳಕಿನಲ್ಲಿ ತೆಗೆದು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಬಂಪರ್ ಮತ್ತು ತಗಡಿನ ಫೆಂಡರ್ ನಡುವೆ ಹೊಸ ಕಾರಿನಲ್ಲೂ ಸಣ್ಣ ವ್ಯತ್ಯಾಸ ಇರುವುದುಂಟು. ಮೊದಲು ಎಷ್ಟಿತ್ತು ಎಂದು ತೋರಿಸಲು ಆ ಫೋಟೊ ಬೇಕಾಗುತ್ತದೆ.

ಬಿಲ್ಲಿನಲ್ಲಿ ಕತ್ತರಿ ಎಲ್ಲಿ ಬೀಳುತ್ತದೆ

ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಸವಕಳಿಯ ಲೆಕ್ಕ ನಿಗದಿಯಾಗಿದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50 ಶೇಕಡ, ಫೈಬರ್ ಗ್ಲಾಸಿಗೆ 30 ಶೇಕಡ, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡುತ್ತಾರೆ: ಮೊದಲ ಆರು ತಿಂಗಳು ಏನೂ ಇಲ್ಲ, ಎರಡನೇ ವರ್ಷದಲ್ಲಿ 10, ನಾಲ್ಕನೇ ವರ್ಷದಲ್ಲಿ 25, ಐದು ದಾಟಿದ ಮೇಲೆ 40, ಹತ್ತು ದಾಟಿದರೆ 50 ಶೇಕಡ. ಪೇಂಟಿನ ನಿಯಮ ಬೇರೆ. ಪೇಂಟಿಂಗ್ ಖರ್ಚಿನಲ್ಲಿ ಸಾಮಗ್ರಿಯ ಪಾಲಿಗೆ ಮಾತ್ರ 50 ಶೇಕಡ ಸವಕಳಿ. ಕೂಲಿಗೆ ಸವಕಳಿ ಇಲ್ಲ. ಸಾಮಗ್ರಿ, ಕೂಲಿ ಬಿಡಿಸದೆ ಒಟ್ಟು ಮೊತ್ತವನ್ನಷ್ಟೇ ಬಿಲ್ಲಿನಲ್ಲಿ ಬರೆದಿದ್ದರೆ, ಅದರ 25 ಶೇಕಡವನ್ನು ಸಾಮಗ್ರಿ ಎಂದು ಹಿಡಿಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಾಲ್ಕನೇ ವರ್ಷದಲ್ಲಿರುವ, 1,200 ಸಿಸಿಯ ಕಾರನ್ನು ಟೆಂಪೋ ಉಜ್ಜಿಕೊಂಡು ಹೋಗಿದೆ. ಹೊಸ ಫೆಂಡರ್ 4,000 ರೂಪಾಯಿ, ಹೊಸ ಬಂಪರ್ 3,000, ಬಾಗಿಲಿನ ಟಿಂಕರಿಂಗ್ ಕೂಲಿ 3,000, ಮೂರು ಪ್ಯಾನೆಲ್ಲಿನ ಪೇಂಟಿಂಗ್ ಒಟ್ಟು 15,000 ಎಂದಿಟ್ಟುಕೊಳ್ಳಿ. ತೆರಿಗೆ ಬಿಟ್ಟು ಬಿಲ್ 25,000. ಫೆಂಡರಿನಲ್ಲಿ 1,000, ಬಂಪರಿನಲ್ಲಿ 1,500 ಕಡಿತ. ಪೇಂಟಿಂಗಿನಲ್ಲಿ ಸಾಮಗ್ರಿ 3,750 ಎಂದು ಹಿಡಿದು ಅದರರ್ಧ 1,875 ಕಡಿತ. ಜೊತೆಗೆ ಪ್ರತಿ ಕ್ಲೇಮಿಗೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಮೊತ್ತ 1,000. ಕಾರು 1,500 ಸಿಸಿ ಮೀರಿದ್ದರೆ ಇದು 2,000. ಒಟ್ಟು ನಿಮ್ಮ ಕೈಯಿಂದ 5,375, ಕಂಪನಿಯಿಂದ 19,625. ಅದೇ ಬಿಲ್ಲಿನಲ್ಲಿ ಪೇಂಟ್ ಸಾಮಗ್ರಿ 9,000, ಕೂಲಿ 6,000 ಎಂದು ಬಿಡಿಸಿ ಬರೆದಿದ್ದರೆ ಪೇಂಟಿನ ಕಡಿತವೇ 4,500. ಬಿಲ್ ಬರೆಯುವ ರೀತಿಯಲ್ಲೇ 2,625 ರೂಪಾಯಿಯ ವ್ಯತ್ಯಾಸ. ಗ್ಯಾರೇಜ್ ಯಾವ ಪದ್ಧತಿಯಲ್ಲಿ ಬಿಲ್ ಮಾಡುತ್ತದೆ ಎಂದು ಮೊದಲೇ ಕೇಳಿ, ಒಟ್ಟು ಮೊತ್ತದ ಬಿಲ್ಲಿದ್ದರೆ 25 ಶೇಕಡದ ನಿಯಮವನ್ನೇ ಅನ್ವಯಿಸಿದ್ದಾರೆಯೇ ಎಂದು ಪರಿಶೀಲಿಸಿ.

ಝೀರೋ ಡೆಪ್ರಿಸಿಯೇಷನ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದರೆ ಈ ಸವಕಳಿ ಕಡಿತ ಇರುವುದಿಲ್ಲ, ಕಡ್ಡಾಯ ಮೊತ್ತವಷ್ಟೇ ಕಟ್ಟಬೇಕು. ಆದರೆ ಹಲವು ಪಾಲಿಸಿಗಳಲ್ಲಿ ಅದನ್ನು ವರ್ಷಕ್ಕೆ ಎರಡು ಕ್ಲೇಮಿಗೆ ಸೀಮಿತಗೊಳಿಸಿರುತ್ತಾರೆ. ಇನ್ನು ಕಾಯ್ದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದವರಿಗೆ ತಮ್ಮ ಕಾರಿನ ಒಂದು ಗೀರಿಗೂ ಹಣ ಸಿಗುವುದಿಲ್ಲ.

ಎಲ್ಲ ಗೀರಿಗೂ ಕ್ಲೇಮ್ ಬೇಡ

ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಎದುರಿನವನದೇ ತಪ್ಪಾಗಿದ್ದರೂ, ನೀವು ನಿಮ್ಮ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೆ ಹೋಗುತ್ತದೆ. ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಸಿಗುವ ಈ ರಿಯಾಯಿತಿ ಕ್ಲೇಮ್ ಇಲ್ಲದ ವರ್ಷಗಳಿಗೆ ಅನುಗುಣವಾಗಿ 20, 25, 35, 45, 50 ಶೇಕಡ ಎಂದು ಏರುತ್ತದೆ. ಒಂದು ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. ಸದ್ಯ 45 ಶೇಕಡದಲ್ಲಿರುವ ಒಬ್ಬರ ಸ್ವಂತ ಹಾನಿ ಪ್ರೀಮಿಯಂ ರಿಯಾಯಿತಿಗೆ ಮುಂಚೆ 10,000 ರೂಪಾಯಿ ಎನ್ನಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದಿಂದ 50 ಶೇಕಡ ಸಿಗುತ್ತಿತ್ತು. ಮಾಡಿದರೆ ಮತ್ತೆ ಸೊನ್ನೆಯಿಂದ ಮೆಟ್ಟಿಲು ಹತ್ತಬೇಕು. ಪ್ರೀಮಿಯಂ ಬದಲಾಗದು ಎಂದಿಟ್ಟುಕೊಂಡರೆ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು ಕ್ರಮವಾಗಿ 5,000, 3,000, 2,500, 1,500, 500; ಒಟ್ಟು 12,500. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ. ಹಾಗಿದ್ದರೂ ಒಂದು ಪ್ಯಾನೆಲ್ಲಿನ ಪೇಂಟಿಗಾಗಿ ಕ್ಲೇಮ್ ಮಾಡುವುದು ಇಂಥವರಿಗೆ ಲಾಭವಲ್ಲ. ಬೋನಸ್ ಉಳಿಸುವ ಆ್ಯಡ್-ಆನ್ ಇದ್ದವರ ಲೆಕ್ಕ ಬೇರೆ.

ಗೀರು ಎಷ್ಟು ಆಳದ್ದು ಎಂಬುದನ್ನೂ ನೋಡಿ. ನೀರು ಹಚ್ಚಿದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲಷ್ಟೇ ಇದೆ. ರಬ್ಬಿಂಗ್ ಪಾಲಿಶ್ ಸಾಕು. ಬಣ್ಣ ಎಲ್ಲೂ ಒಡೆಯದೆ ತಗಡು ಮಾತ್ರ ತಗ್ಗಾಗಿದ್ದರೆ, ಒಳಗಿನಿಂದ ಸಲಾಕೆ ಕೊಟ್ಟು ಎಬ್ಬಿಸುವ, ಪೇಂಟಿಲ್ಲದ ಡೆಂಟ್ ರಿಪೇರಿ ಮಾಡುವವರು ನಗರಗಳಲ್ಲಿದ್ದಾರೆ. ಕಾರ್ಖಾನೆಯ ಬಣ್ಣ ಉಳಿಯುವುದಾದರೆ ಉಳಿಸಿಕೊಳ್ಳುವುದೇ ಮೇಲು. ಅದಕ್ಕೆ ಸಮನಾದ ಎರಡನೇ ಬಣ್ಣವಿಲ್ಲ. ತಗಡು ಕಾಣುವಷ್ಟು ಆಳಕ್ಕೆ ಹೋಗಿದ್ದರೆ ಮಾತ್ರ ತಡ ಮಾಡಬೇಡಿ. ಕರಾವಳಿಯ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ, ಮತ್ತು ತುಕ್ಕಿಗೆ ವಿಮೆ ಇಲ್ಲ.

ಮುಂಗಾರುಪೂರ್ವ ಮಳೆಗೆ ಬೆಂಗಳೂರಿನಲ್ಲಿ ಕೊಂಬೆ ಮುರಿದು ಬಿದ್ದದ್ದು, ಮಂಗಳೂರಿನ ಅಂಗಳದಲ್ಲಿ ಬಾನೆಟ್ ಮೇಲೆ ತೆಂಗಿನಕಾಯಿ ಬಿದ್ದದ್ದು, ಇವೆಲ್ಲ ಸ್ವಂತ ಹಾನಿ ವಿಮೆಯಲ್ಲಿ ಸೇರುತ್ತವೆ. ಆದರೆ ಒಂದು ಘಟನೆಗೆ ಒಂದು ಕ್ಲೇಮ್. ‘ಹಳೇ ಗೀರುಗಳನ್ನೂ ಇದರಲ್ಲೇ ಸೇರಿಸಿಬಿಡೋಣ, ಇಡೀ ಗಾಡಿ ಪೇಂಟ್ ಆಗುತ್ತೆ’ ಎಂದು ಯಾರಾದರೂ ಆಸೆ ತೋರಿಸಿದರೆ ದಯವಿಟ್ಟು ಒಪ್ಪಬೇಡಿ. ಅದು ಸುಳ್ಳು ಕ್ಲೇಮ್. ಪೆಟ್ಟಿನ ದಿಕ್ಕು, ಎತ್ತರ, ಅದರಲ್ಲಿ ಕೂತ ಧೂಳು, ತುಕ್ಕು ನೋಡಿ ಸರ್ವೇಯರ್ ಹಳೆಯದನ್ನು ಗುರುತಿಸಬಲ್ಲರು. ಆಮೇಲೆ ನ್ಯಾಯವಾದ ಬ್ಲೆಂಡಿಂಗ್ ಬೇಡಿಕೆಯನ್ನೂ ಅವರು ಅನುಮಾನದಿಂದ ನೋಡುತ್ತಾರೆ. ಒಬ್ಬರ ಸುಳ್ಳಿಗೆ ನಿಜ ಹೇಳುವ ನೂರು ಜನ ಬೆಲೆ ತೆರುತ್ತಾರೆ.

ಸಹಿ ಹಾಕುವ ಮುನ್ನ, ಹಾಕಿದ ಮೇಲೆ

ಕಾರು ತೆಗೆದುಕೊಳ್ಳಲು ಹಗಲಿನಲ್ಲೇ ಹೋಗಿ, ತೊಳೆಸಿ ಬಿಸಿಲಿಗೆ ತರಿಸಿ. ನಾಲ್ಕೈದು ಹೆಜ್ಜೆ ದೂರ ನಿಂತು ಎದುರಿನಿಂದ, ಎರಡು ಓರೆಗಳಿಂದ, ಆಮೇಲೆ ನೆರಳಿನಲ್ಲಿ ನೋಡಿ. ಕ್ಲಿಯರ್ ಕೋಟಿನಲ್ಲಿ ಸಿಕ್ಕಿಬಿದ್ದ ಧೂಳಿನ ಕಣ, ಇಳಿದ ಹನಿ, ಕಿತ್ತಳೆ ಸಿಪ್ಪೆಯಂಥ ತರಿ, ರಬ್ಬರ್ ಬೀಡಿಂಗಿಗೆ ತಾಗಿದ ಪೇಂಟ್, ಎಲ್ಲವನ್ನೂ ಗುರುತಿಸಿ. ಒಪ್ಪಿಗೆಯಾಗದಿದ್ದರೆ ತೃಪ್ತಿಪತ್ರದ ಮೇಲೆಯೇ ‘ಎಡ ಹಿಂಬಾಗಿಲಿನ ಬಣ್ಣ ಹೊಂದಿಲ್ಲ, ಸರಿಪಡಿಸಬೇಕು’ ಎಂದು ಬರೆದು ಸಹಿ ಹಾಕಿ, ಅದರ ಫೋಟೊ ತೆಗೆದುಕೊಳ್ಳಿ. ಪೇಂಟ್ ಕೆಲಸಕ್ಕೆ ಎಷ್ಟು ಕಾಲದ ವಾರಂಟಿ ಎಂಬುದನ್ನೂ ಬಿಲ್ಲಿನ ಮೇಲೆ ಬರೆಸಿ. ಹೊಸ ಪೇಂಟ್ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಹಿಡಿಯುವುದರಿಂದ ಅಲ್ಲಿಯವರೆಗೆ ವ್ಯಾಕ್ಸ್, ಕೋಟಿಂಗ್ ಬೇಡ.

ಗ್ಯಾರೇಜಿನವರೂ ಕಂಪನಿಯವರೂ ಒಬ್ಬರ ಮೇಲೊಬ್ಬರು ಹೇಳುತ್ತ ಕೈಚೆಲ್ಲಿದರೆ ದಾರಿಗಳಿವೆ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಗ್ಯಾರೇಜಿನ ಕಳಪೆ ಕೆಲಸದ ವಿರುದ್ಧವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅಲ್ಲೂ ಶುಲ್ಕವಿಲ್ಲ. ಎಲ್ಲೇ ಹೋದರೂ ಕೇಳುವುದು ಎಸ್ಟಿಮೇಟ್, ಇಮೇಲ್, ಫೋಟೊ, ಷರಾ ಬರೆದ ತೃಪ್ತಿಪತ್ರ.

ವಿಮಾ ಕಂಪನಿಗಳಿಗೂ ಒಂದು ಮಾತು. ಮೆಟಾಲಿಕ್, ಪರ್ಲ್ ಬಣ್ಣಗಳಿಗೆ ಬ್ಲೆಂಡಿಂಗ್ ಬೇಕು ಎಂಬುದು ಪೇಂಟ್ ತಯಾರಕರಿಗೆ, ಪೇಂಟರುಗಳಿಗೆ, ಸರ್ವೇಯರುಗಳಿಗೆ ಎಲ್ಲರಿಗೂ ತಿಳಿದದ್ದೇ. ಅದನ್ನು ಪ್ರತಿ ಗ್ರಾಹಕನೂ ಬೇಡಿ, ವಾದಿಸಿ ಪಡೆಯುವಂತೆ ಬಿಡುವುದು ಸರಿಯಲ್ಲ. ಅಂಥ ಬಣ್ಣದ ಕಾರುಗಳಿಗೆ ಬ್ಲೆಂಡಿಂಗಿನ ದರವನ್ನು ನಗದುರಹಿತ ಗ್ಯಾರೇಜುಗಳ ದರಪಟ್ಟಿಯಲ್ಲೇ ಸೇರಿಸಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ. ಅದಾಗುವ ತನಕ ಎಸ್ಟಿಮೇಟಿನಲ್ಲಿ ಆ ಒಂದು ಸಾಲು ಬರೆಸುವ ಹೊಣೆ ಕಾರಿನ ಮಾಲೀಕರದು. ಪ್ರೀಮಿಯಂ ಪೂರ್ತಿ ಕಟ್ಟಿದವರು ರಿಪೇರಿಯನ್ನೂ ಪೂರ್ತಿ ಕೇಳಬೇಕು, ಸಂಕೋಚ ಬೇಡ.